ವಿಂಬಲ್ಡನ್ ನೋಡೋಕೆ ಒಂದಿನ

ಪ್ರಶ್ನೆ: ಜೂನ್ ಕೊನೇಲಿ ಲಂಡನ್‌ಗೆ ಮಗಳ ಮನೆಗೆ ಹೋಗ್ತಿದೀನಿ ಸಾರ್, ಟಿಕೆಟ್ ಬುಕ್ ಮಾಡಿಲ್ಲ, ವಿಂಬಲ್ಡನ್ ಟೆನಿಸ್ ನೋಡೋಕಾಗುತ್ತಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಆಗುತ್ತೆ ಮೇಡಂ, ಕ್ಯೂ ನಿಂತೋರಿಗೂ ಅವತ್ತಿನ ಟಿಕೆಟ್ ಕೊಡ್ತಾರೆ. ಜಂಬೂಸವಾರಿಗೆ ನಾವು ಬೆಳಿಗ್ಗೇನೇ ಹೋಗಿ ಜಾಗ ಹಿಡೀತೀವಲ್ಲ ಹಂಗೇ, ಸೌತ್‌ಫೀಲ್ಡ್ಸ್ ಸ್ಟೇಷನ್ನಲ್ಲಿ ಇಳಿದು ನಡ್ಕೊಂಡು ಹೋಗಿ ವಿಂಬಲ್ಡನ್ ಪಾರ್ಕಲ್ಲಿ ಕ್ಯೂ ಸೇರ್ಕೊಳ್ಳಿ, ನಂಬರ್ ಇರೋ ಕಾರ್ಡ್ ಕೊಡ್ತಾರೆ, ಅದನ್ನ ಮಾತ್ರ ಕಳ್ಕೋಬೇಡಿ. ಸೆಂಟರ್ ಕೋರ್ಟ್, ಅಂದ್ರೆ ಅಲ್ಲಿನ ಮುಖ್ಯ ಅಂಗಳದ ಆಸೆಗೆ ಜನ ರಾತ್ರಿಯೆಲ್ಲಾ ಟೆಂಟಲ್ಲಿ ಮಲಗ್ತಾರೆ, ನಿಮಗದು ಬೇಡ, ಗ್ರೌಂಡ್ ಪಾಸ್, ಅಂದ್ರೆ ಒಳಗೆ ಹೋಗಿ ಚಿಕ್ಕ ಕೋರ್ಟ್‌ಗಳ ಆಟ ನೋಡೋ ಟಿಕೆಟ್ ತಗೊಳ್ಳಿ. ಮೊದಲ ವಾರಾನೇ ಹೋಗಿ, ಚಿಕ್ಕ ಕೋರ್ಟಲ್ಲಿ ಆಟಗಾರರನ್ನ ಅಷ್ಟು ಹತ್ತಿರದಿಂದ ನೋಡೋ ಖುಷಿ ಟೀವಿಲಿ ಸಿಗಲ್ಲ! ಚಿತ್ರಾನ್ನ ಕಟ್ಕೊಳ್ಳಿ, ಒಳಗೆ ಬಿಡ್ತಾರೆ. ಮಳೆಗೊಂದು ಜಾಕೆಟ್ ಇರ್ಲಿ.