ಕೋಚ್‌ಗೆ ಕೇಳದೇ ಉಳಿದಿದ್ದ ಪ್ರಶ್ನೆ: ಒಂದು ಆಪ್ತಸಲಹೆ ಪ್ರಕರಣ

ಇದು 2023ರ ಸೀಸನ್‌ನ ಪ್ರಕರಣ. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಆಪ್ತಸಲಹೆಗಾರ್ತಿ. ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವನು ಆಗಷ್ಟೇ ಕಾಲೇಜಿಗೆ ಬಂದ ಡಿಫೆನ್ಸಿವ್ ಲೈನ್‌ಮನ್. ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಎರಡು ಮಾತು ಹೇಳಬೇಕು. ಚೆಂಡಿನ ಎದುರಿಗೆ, ಮೊದಲ ಸಾಲಿನಲ್ಲಿ, ಕೈ ನೆಲಕ್ಕೂರಿ ನಿಲ್ಲುವ ದಢೂತಿ ಆಳುಗಳೇ ಇವರು. ಎದುರು ತಂಡದವನು ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣ ಆಟ ಶುರು. ಅದಕ್ಕೆ ಸ್ನ್ಯಾಪ್ ಅನ್ನುತ್ತಾರೆ. ನಾಲ್ಕೈದು ಸೆಕೆಂಡ್ ತಳ್ಳಾಟ, ಆಮೇಲೆ ಎಲ್ಲರೂ ಎದ್ದು ಮತ್ತೆ ಸಾಲು ಕಟ್ಟಬೇಕು. ಒಬ್ಬ ಆಟಗಾರ ಎಷ್ಟು ಸ್ನ್ಯಾಪ್ ಮೈದಾನದಲ್ಲಿದ್ದ ಅನ್ನುವುದೇ ಅವನ ಆಟದ ಸಮಯ. ಸುಸ್ತಾಗುವ ಕೆಲಸವಾದ್ದರಿಂದ ಈ ಸಾಲಿನಲ್ಲಿ ಆಟಗಾರರನ್ನು ಬದಲಿಸುತ್ತಲೇ ಇರುತ್ತಾರೆ. ಹಾಗಾಗಿ ಹೊಸಬನಿಗೂ ಆಸೆ ಇರುತ್ತದೆ, ಇವತ್ತಲ್ಲ ನಾಳೆ ನನ್ನನ್ನೂ ಕರೆಯುತ್ತಾರೆ ಅಂತ.

ನಿದ್ದೆ ಇಲ್ಲ, ಬೆಳಗಿನ ಕ್ಲಾಸಿಗೆ ಹೋಗುತ್ತಿಲ್ಲ ಅಂತ ತಂಡದ ಆರೋಗ್ಯ ಸಿಬ್ಬಂದಿ ಅವನನ್ನು ನನ್ನ ಹತ್ತಿರ ಕಳಿಸಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದ, "ಇದೆಲ್ಲಾ ಕೋಚ್‌ಗೆ ಹೋಗುತ್ತಾ?" ಕ್ರೀಡಾಪಟುಗಳು ಬಾಯಿ ಬಿಡದಿರುವುದಕ್ಕೆ ದೊಡ್ಡ ಕಾರಣ ಇದೇ. ತಲೆ ಸರಿಯಿಲ್ಲ ಅಂತ ಗೊತ್ತಾದರೆ ಆಡಿಸುವುದಿಲ್ಲ ಅನ್ನುವ ಭಯ. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಬೇರೆಯವರಿಗೆ ಹೇಳುತ್ತೇನೆ, ಉಳಿದದ್ದು ಈ ಕೋಣೆ ದಾಟುವುದಿಲ್ಲ ಅಂದೆ. ಆಮೇಲೆ ಮಾತು ತಾನಾಗಿಯೇ ಬಂತು.

ತನ್ನ ಊರಿನ ಹೈಸ್ಕೂಲ್‌ನಲ್ಲಿ ಅವನೇ ಎಲ್ಲರಿಗಿಂತ ದೊಡ್ಡವನು. ಎದುರಿನ ಹುಡುಗರನ್ನು ಮೈ ಭಾರದಿಂದಲೇ ತಳ್ಳಿಬಿಡುತ್ತಿದ್ದ. ಇಲ್ಲಿಗೆ ಬಂದಾಗ 120 ಕೆಜಿ ಇದ್ದ. 130 ದಾಟಬೇಕು ಅಂತ ಹೇಳಿದ್ದರು. ಅವನ ಎದುರು ನಿಲ್ಲುತ್ತಿದ್ದವರು ಅವನಿಗಿಂತ ಮೂರು ನಾಲ್ಕು ವರ್ಷ ದೊಡ್ಡವರು, 140 ಕೆಜಿ ಆಳುಗಳು. ಡೆಪ್ತ್ ಚಾರ್ಟ್ ಅಂತ ಒಂದು ಪಟ್ಟಿ ಇರುತ್ತದೆ, ಯಾವ ಜಾಗಕ್ಕೆ ಯಾರು ಮೊದಲು, ಯಾರು ನಂತರ ಅಂತ. ಅದರಲ್ಲಿ ಅವನ ಹೆಸರು ಕೊನೆಗೆ. ವಾರವಿಡೀ ಅವನಿಗೆ ಸ್ಕೌಟ್ ತಂಡದ ಕೆಲಸ. ಅಂದರೆ ಮುಂದಿನ ಎದುರಾಳಿ ಹೇಗೆ ಆಡುತ್ತಾರೋ ಹಾಗೆ ಆಡಿ, ನಮ್ಮ ಮುಖ್ಯ ಆಟಗಾರರಿಗೆ ಅಭ್ಯಾಸ ಮಾಡಿಸುವುದು. ಹೊಡೆತ ತಿನ್ನೋದು ಇವನು, ಶನಿವಾರ ಆಡೋದು ಅವರು.

ನನಗೆ ಹೆಚ್ಚು ಚಿಂತೆಯಾದದ್ದು ಊಟದ ವಿಷಯ. ವಾಕರಿಕೆ ಬರುವವರೆಗೂ ತಿನ್ನುತ್ತಿದ್ದ. ರಾತ್ರಿ ಹನ್ನೆರಡಕ್ಕೆ ಎದ್ದು ಪೀನಟ್ ಬಟರ್ ಡಬ್ಬಿಗೆ ಚಮಚ ಹಾಕಿ ಕೂರುತ್ತಿದ್ದ. ದಿನಕ್ಕೆ ಐದಾರು ಸಲ ತೂಕ ನೋಡುತ್ತಿದ್ದ. ಅರ್ಧ ಕೆಜಿ ಇಳಿದಿದ್ದರೆ ಆ ದಿನ ಹಾಳು. ಹೀಗೆ ತಿಂದವನಿಗೆ ನಿದ್ದೆ ಎಲ್ಲಿಂದ ಬರಬೇಕು? ಅದನ್ನು ತಂಡದ ಆಹಾರ ತಜ್ಞರಿಗೆ ಒಪ್ಪಿಸಿದೆ, ಅವನ ಎದುರೇ, ಅವನ ಒಪ್ಪಿಗೆಯಿಂದ. ತೂಕ ವಾರಕ್ಕೊಮ್ಮೆ, ಅದೂ ಅವರು ನೋಡುವುದು. ರೂಮಿನ ತೂಕದ ಯಂತ್ರ ಅವರ ಹತ್ತಿರ ಇಟ್ಟುಬಿಡು ಅಂದೆ. ಗೊಣಗಿದ, ಆದರೆ ಕೊಟ್ಟ.

ಇನ್ನು ಅಪ್ಪ. ಪ್ರತಿ ಮ್ಯಾಚ್ ಮುಗಿದ ತಕ್ಷಣ ಫೋನ್. ಮೊದಲ ಪ್ರಶ್ನೆ, "ಎಷ್ಟು ಸ್ನ್ಯಾಪ್?" ನಮ್ಮ ಕಡೆ ಪಿಯುಸಿ ರಿಸಲ್ಟ್ ದಿನ ಹತ್ತು ಗಂಟೆಗೇ ಫೋನ್ ಮಾಡುವ ನೆಂಟರಿರುತ್ತಾರಲ್ಲ, ಥೇಟ್ ಹಾಗೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಸೊನ್ನೆ ಅಂತ ಹೇಳಿ ಹೇಳಿ ಆ ಹುಡುಗನಿಗೆ ಶನಿವಾರ ಬಂದರೆ ಹೊಟ್ಟೆ ಕಲಸುತ್ತಿತ್ತು. ಅಪ್ಪನಿಗೆ ಅವನೇ ಒಂದು ಮೆಸೇಜ್ ಬರೆಯಲಿ ಅಂತ ಸಲಹೆ ಕೊಟ್ಟೆ: ಮ್ಯಾಚಿನ ಲೆಕ್ಕ ಭಾನುವಾರ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಕೇಳಬೇಡ. ಕಳಿಸಲು ಎರಡು ವಾರ ತೆಗೆದುಕೊಂಡ.

ಮೂರನೆಯ ಭೇಟಿಯ ಹೊತ್ತಿಗೆ ಕಾಲೇಜು ಬದಲಿಸುವ ಮಾತು ತೆಗೆದ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದರೆ ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕುವ ಆನ್‌ಲೈನ್ ಪಟ್ಟಿ. 2021ರಿಂದ ಮೊದಲ ಸಲ ಕಾಲೇಜು ಬದಲಿಸಿದವರು ಒಂದು ವರ್ಷ ಸುಮ್ನೆ ಕೂರಬೇಕಿಲ್ಲ, ನೇರ ಆಡಬಹುದು. ಬೇಜಾರಾದ ಪ್ರತಿ ಹುಡುಗನ ಜೇಬಿನಲ್ಲೂ ಈಗ ಈ ಬಾಗಿಲಿನ ಕೀಲಿ ಇದೆ. "ಜೆ.ಜೆ. ವಾಟ್ ಕೂಡ ಬದಲಿಸಿದ್ದ ಅಲ್ವಾ?" ಅಂದ. ನಿಜ. ಮುಂದೆ ದೊಡ್ಡ ಹೆಸರು ಮಾಡಿದ ಡಿಫೆನ್ಸಿವ್ ಲೈನ್‌ಮನ್ ಅವನು. ಆದರೆ ವಾಟ್ ಮೊದಲು ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಟೈಟ್ ಎಂಡ್, ಅಂದರೆ ಚೆಂಡು ಹಿಡಿಯುವ, ಎದುರಿನವರನ್ನು ತಡೆಯುವ ಜಾಗದಲ್ಲಿ ಆಡುತ್ತಿದ್ದವನು. ಸ್ಕಾಲರ್‌ಶಿಪ್ ಬಿಟ್ಟು, ತನ್ನ ಖರ್ಚಿನಲ್ಲಿ ವಿಸ್ಕಾನ್ಸಿನ್‌ಗೆ ಹೋದ. ಅಂದಿನ ನಿಯಮದ ಪ್ರಕಾರ 2008ರ ಸೀಸನ್ ಪೂರ್ತಿ ಆಡಲಿಲ್ಲ, ಸ್ಕೌಟ್ ತಂಡದಲ್ಲಿ ಹೊಡೆತ ತಿಂದ. 2011ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ 11ನೆಯವನಾಗಿ ಆಯ್ಕೆಯಾದ. ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಸ್ಕೌಟ್ ತಂಡದ ವಿಷಯ ಅವನಿಗೆ ಗೊತ್ತಿರಲಿಲ್ಲ. ಹೋಗಬೇಡ ಅಂತ ನಾನು ಹೇಳಲಿಲ್ಲ. ಇಲ್ಲಿ ಯಾಕೆ ಆಡಿಸುತ್ತಿಲ್ಲ ಅಂತ ತಿಳಿಯದೆ ಹೋದರೆ ಅಲ್ಲೂ ಅದೇ ಕಾರಣಕ್ಕೆ ಕೂರಬೇಕಾಗಬಹುದು ಅಂದೆ.

"ಯಾಕೆ ಆಡಿಸುತ್ತಿಲ್ಲ, ನಿನಗೆ ಗೊತ್ತಾ?"

"ತೂಕ ಕಡಿಮೆ."

"ಕೋಚ್ ಹಾಗಂದರಾ?"

ಇಲ್ಲ. ಕೋಚ್‌ನನ್ನು ಅವನು ಕೇಳಿಯೇ ಇರಲಿಲ್ಲ. ಆಗಸ್ಟ್‌ನಿಂದ ದಿನಾ ಮುಖ ನೋಡುತ್ತಿದ್ದಾನೆ, ಒಂದು ಸಲವೂ ಕೇಳಿಲ್ಲ. ಕೇಳಿದರೆ ದೂರು ಹೇಳಿದಂತೆ ಆಗುತ್ತೆ ಅನ್ನುವ ಅಳುಕು. ಈ ಪ್ರಕರಣದಲ್ಲಿ ನನ್ನ ಮುಖ್ಯ ಸಲಹೆ ಇಲ್ಲಿಂದ ಶುರುವಾಯಿತು. "ನನ್ನನ್ನು ಯಾಕೆ ಆಡಿಸುತ್ತಿಲ್ಲ" ಅಂತ ಕೇಳಬೇಡ. ಅದಕ್ಕೆ ಯಾವ ಕೋಚ್ ಆದರೂ "ಇನ್ನೂ ಶ್ರಮಪಡು" ಅಂತಲೇ ಹೇಳೋದು. "ಯಾವ ಸಂದರ್ಭದಲ್ಲಿ ನನ್ನನ್ನು ನಂಬಿ ಒಳಗೆ ಕಳಿಸಬಹುದು, ಅದಕ್ಕೆ ನಾನು ಏನು ತೋರಿಸಬೇಕು" ಅಂತ ಕೇಳು. ಮುಖ್ಯ ಕೋಚ್‌ನನ್ನಲ್ಲ, ಲೈನ್‌ನ ಕೋಚ್‌ನನ್ನು. ಸೋಮವಾರ, ಹಿಂದಿನ ಅಭ್ಯಾಸದ ವಿಡಿಯೋ ಮುಂದಿಟ್ಟುಕೊಂಡು. ನನ್ನ ಕೋಣೆಯಲ್ಲೇ ಆ ಮಾತನ್ನು ಅಭ್ಯಾಸ ಮಾಡಿದೆವು. ನಾನು ಕೋಚ್ ಆಗಿ ಗದರಿದ್ದು ಅವನಿಗೆ ನಗು ತರಿಸಿತು.

ಕೋಚ್ ತೂಕದ ಮಾತೇ ಎತ್ತಲಿಲ್ಲವಂತೆ. ರಿಮೋಟ್ ಹಿಡಿದು ಒಂದೇ ಆಟವನ್ನು ಹಿಂದೆ ಮುಂದೆ ಓಡಿಸಿ ತೋರಿಸಿದರಂತೆ. ಚೆಂಡು ಅಲುಗಿದಾಗ ಎಲ್ಲರ ಕಾಲೂ ಮುಂದಕ್ಕೆ, ಇವನ ಕಾಲು ಮೊದಲು ಒಂದು ಗೇಣು ಹಿಂದಕ್ಕೆ. ಆಮೇಲೆ ಸೊಂಟ ನೆಟ್ಟಗಾಗಿ ಎದೆ ತೆರೆದುಕೊಳ್ಳುತ್ತದೆ. ಇಬ್ಬರು ಒಟ್ಟಿಗೆ ಬಂದು ತಳ್ಳಿದರೆ ಮುಗಿಯಿತು, ಅವನು ಕಾಯಬೇಕಾದ ಜಾಗ ಖಾಲಿ. "ಅಷ್ಟು ಹೊತ್ತಿಗೆ ನೀನು 150 ಕೆಜಿ ಇದ್ದರೂ ಪ್ರಯೋಜನವಿಲ್ಲ" ಅಂದರಂತೆ. ಇಬ್ಬರು ತಳ್ಳಿದರೂ ಜಾಗ ಬಿಡದಿರುವುದನ್ನು ಮೊದಲು ತೋರಿಸು, ಅಲ್ಲಿಯವರೆಗೆ ಫೀಲ್ಡ್ ಗೋಲ್ ತಂಡದಲ್ಲಿ ನಿಲ್ಲು ಅಂದರು. ನಮ್ಮವನು ಚೆಂಡು ಒದೆಯುವಾಗ ಎದುರಿನವರನ್ನು ತಡೆಯುವ, ಯಾರೂ ಹೆಸರು ಹೇಳದ ಕೆಲಸ. ಆದರೆ ಮೈದಾನದೊಳಗಿನ ಕೆಲಸ.

ಕಾಲು ಯಾಕೆ ಹಿಂದೆ ಹೋಗುತ್ತದೆ ಅನ್ನುವುದು ನನ್ನ ಕ್ಷೇತ್ರಕ್ಕೂ ಸೇರಿದ್ದು. ಆಗಸ್ಟ್‌ನ ಅಭ್ಯಾಸದಲ್ಲಿ ಅವನು ಸ್ನ್ಯಾಪ್‌ಗೆ ಮೊದಲೇ ಹಾರಿ ಆಫ್‌ಸೈಡ್ ಆಗಿದ್ದ. ಎಲ್ಲರೆದುರು ಬೈಸಿಕೊಂಡಿದ್ದ. ಆಮೇಲಿಂದ ಕ್ವಾರ್ಟರ್‌ಬ್ಯಾಕ್, ಅಂದರೆ ಎದುರು ತಂಡದ ಆಟ ನಡೆಸುವವನು, ಸ್ನ್ಯಾಪ್‌ಗೆ ಮುಂಚೆ ಹಾಕುವ ಕೂಗನ್ನೇ ಕಿವಿಗೊಟ್ಟು ಕೇಳುತ್ತ, ಈಗಲಾ ಇನ್ನೊಂದು ಕ್ಷಣಕ್ಕಾ ಅಂತ ಅನುಮಾನಿಸುತ್ತ ನಿಲ್ಲುತ್ತಿದ್ದ. ಲೈನ್‌ಮನ್‌ಗೆ ಕಲಿಸುವ ಮೊದಲ ಪಾಠವೇ ಕೂಗು ಕೇಳಬೇಡ, ಚೆಂಡು ನೋಡು ಅಂತ. ಕೂಗು ಮೋಸ ಮಾಡುತ್ತದೆ, ಚೆಂಡು ಮಾಡುವುದಿಲ್ಲ. ಎರಡು ಆಟಗಳ ನಡುವೆ 40 ಸೆಕೆಂಡ್ ಗಡಿಯಾರ ಓಡುತ್ತಿರುತ್ತದೆ. ಆ ಸಮಯ ಅವನು ಹಿಂದಿನ ತಪ್ಪನ್ನು ಮೆಲುಕು ಹಾಕುವುದರಲ್ಲೇ ಕಳೆಯುತ್ತಿದ್ದ. ಅದಕ್ಕೊಂದು ಕ್ರಮ ಮಾಡಿಕೊಂಡೆವು: ಎದ್ದು ನಡೆಯುವಾಗ ಉಸಿರು ಉದ್ದಕ್ಕೆ ಬಿಡುವುದು, ತನ್ನ ತಂಡದ ಕರೆ ಕೇಳಿ ತನ್ನ ಜಾಗವನ್ನು ಬಾಯಲ್ಲಿ ಹೇಳಿಕೊಳ್ಳುವುದು, ಕೈ ಊರಿದ ಮೇಲೆ ಚೆಂಡಿನ ತುದಿ ಬಿಟ್ಟು ಬೇರೇನನ್ನೂ ನೋಡದಿರುವುದು. ಸ್ಕೌಟ್ ತಂಡದ ಪ್ರತಿ ಆಟದಲ್ಲೂ ಇದನ್ನೇ ಮಾಡು ಅಂದೆ. ಅಲ್ಲಿ ಅವನಿಗೆ ದಿನಾ ಸಿಗುತ್ತಿದ್ದದ್ದು ಲೀಗಿನಲ್ಲೇ ಒಳ್ಳೆಯ ಎದುರಾಳಿಗಳು, ಅದೂ ಪುಕ್ಕಟೆ.

ನವೆಂಬರ್ ಹೊತ್ತಿಗೆ ಫೀಲ್ಡ್ ಗೋಲ್ ತಂಡದಲ್ಲಿ, ಏಕಪಕ್ಷೀಯವಾದ ಮ್ಯಾಚಿನ ಕೊನೆಯಲ್ಲಿ, ಹೀಗೆ ನಾಲ್ಕು ಮ್ಯಾಚ್ ಆಡಿದ್ದ. 2018ರ ರೆಡ್‌ಶರ್ಟ್ ನಿಯಮದ ಪ್ರಕಾರ ಆಗ ನಾಲ್ಕರವರೆಗೆ ಆಡಿದರೂ ಆ ವರ್ಷ ಲೆಕ್ಕಕ್ಕೆ ಬರುತ್ತಿರಲಿಲ್ಲ. ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡುವ ಅವಕಾಶ ಹಾಗೇ ಉಳಿಯುತ್ತಿತ್ತು. ಐದನೆಯದಕ್ಕೆ ಕಾಲಿಟ್ಟರೆ ಒಂದು ಸೀಸನ್ ಖರ್ಚು. ಐದನೆಯದಕ್ಕೂ ಬರುತ್ತೀಯಾ ಅಂತ ಕೋಚ್ ಕೇಳಿದರು. ಅವನು ನನ್ನನ್ನು ಕೇಳಿದ. ಮತ್ತೆ ಕೋಚ್ ಹತ್ತಿರವೇ ಕಳಿಸಿದೆ: ಯಾವ ಸಂದರ್ಭಕ್ಕೆ, ಎಷ್ಟು ಸ್ನ್ಯಾಪ್‌ಗೆ ಅಂತ ಕೇಳಿ ಬಾ. ಒಂದೆರಡು ಸಿಗಬಹುದು ಅಂದರಂತೆ. ಬೇಡ ಅಂತ ಅವನೇ ತೀರ್ಮಾನ ಮಾಡಿದ. ಅಪ್ಪನಿಗೆ ಸಿಟ್ಟು ಬಂತು, ಒಂದು ವಾರ ಮಾತಾಡಲಿಲ್ಲ.

ವಸಂತದಲ್ಲಿ 15 ಅಭ್ಯಾಸಗಳಿರುತ್ತವೆ. ಅದು ಮುಗಿದಾಗ ಡೆಪ್ತ್ ಚಾರ್ಟ್‌ನಲ್ಲಿ ಎರಡನೇ ಹೆಸರಾಗಿದ್ದ. ತೂಕ ಇನ್ನೂ 130 ಮುಟ್ಟಿರಲಿಲ್ಲ. ಮೇಲಿದ್ದ ಒಬ್ಬ ಪೋರ್ಟಲ್‌ನಲ್ಲಿ ಬೇರೆ ಕಾಲೇಜಿಗೆ ಹೋದದ್ದೂ ಒಂದು ಕಾರಣ ಅಂತ ಅವನೇ ನಗುತ್ತ ಹೇಳಿದ. ಈಗ ತಿಂಗಳಿಗೊಮ್ಮೆ ಬರುತ್ತಾನೆ, ಹೆಚ್ಚಿನ ಮಾತು ಕೆಮಿಸ್ಟ್ರಿ ಕ್ಲಾಸಿನ ಬಗ್ಗೆ.