ಹಳೆಯ ರೇಂಜ್ ರೋವರ್ ಪಿ38ರಲ್ಲಿ ರಾತ್ರಿ ಒಂದು ಮೂಲೆ ಕುಸಿಯುತ್ತದೆ, ಕಂಪ್ರೆಸರ್ ನಿಲ್ಲದೆ ಓಡುತ್ತದೆ: ಏನು ಬದಲಿಸಬೇಕು?

ಈ ಗಾಡಿ ನಿಂತಿರುವುದು ಗಾಳಿ ತುಂಬಿದ ರಬ್ಬರ್ ಸ್ಪ್ರಿಂಗುಗಳ ಮೇಲೆ, ಆ ಗಾಳಿ ಒದಗಿಸುವುದು ಕಂಪ್ರೆಸರ್. ಮೊದಲು ಕಂಪ್ರೆಸರ್ ಕೊಳ್ಳಬೇಡಿ. ಬಹುತೇಕ ಸಲ ರೋಗ ಸೋರಿಕೆಯದು. ಕಂಪ್ರೆಸರ್ ಅದನ್ನು ತುಂಬಿಕೊಡಲು ದುಡಿದು ಸವೆಯುತ್ತದೆ.

ನಿಲ್ಲಿಸಿದ ಗಾಡಿಯನ್ನೂ ಇಸಿಯು (ಎತ್ತರ ನಿಯಂತ್ರಿಸುವ ಕಂಪ್ಯೂಟರ್) ಆಗಾಗ ಎಚ್ಚೆತ್ತು, ಕುಸಿದ ಮೂಲೆಗೆ ಸರಿಯಾಗಿ ಉಳಿದವನ್ನೂ ಇಳಿಸಿ ಮಟ್ಟ ಮಾಡುತ್ತದೆ. ಹಾಗಾಗಿ ಅದನ್ನು ಎಚ್ಚರಿಸುವ, ಮುಂದಿನ ಸೀಟಿನ ಕೆಳಗಿರುವ ಡಿಲೇ ಟೈಮರ್ ರಿಲೇ ಕಿತ್ತಿಟ್ಟು ರಾತ್ರಿ ಬಿಡಿ. ಆಗ ನಿಜವಾಗಿ ಸೋರುವ ಮೂಲೆ ಮಾತ್ರ ಇಳಿದಿರುತ್ತದೆ. ಆ ಏರ್ ಸ್ಪ್ರಿಂಗಿನ ಮಡಿಕೆ, ಪೈಪಿನ ಜೋಡಣೆ, ಬಾನೆಟ್ ಕೆಳಗಿನ ವಾಲ್ವ್ ಬ್ಲಾಕ್ (ನಾಲ್ಕೂ ಮೂಲೆಗೆ ಗಾಳಿ ಹಂಚುವ ಭಾಗ) ಇವಕ್ಕೆ ಸೋಪಿನ ನೀರು ಹಚ್ಚಿ. ಮಡಿಕೆಯಲ್ಲಿ ಬಿರುಕಿದ್ದರೆ ಸ್ಪ್ರಿಂಗ್ ಬದಲಿಸಲೇಬೇಕು, ತೇಪೆ ನಿಲ್ಲುವುದಿಲ್ಲ. ಸ್ಪ್ರಿಂಗೂ ಪೈಪೂ ಸರಿಯಿದ್ದರೆ ಬ್ಲಾಕಿನೊಳಗಿನ, ಗಾಳಿ ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗ್‌ಗಳು ಗಟ್ಟಿಯಾಗಿರುತ್ತವೆ. ಪೂರ್ತಿ ಸೆಟ್ ಹಾಕಿ.

ಪೈಪ್ ಬಿಚ್ಚುವ ಮುನ್ನ ಚಾಸಿಗೆ ಸ್ಟ್ಯಾಂಡ್ ಕೊಡಿ, ಗಾಳಿ ಪೂರ್ತಿ ಇಳಿಸಿ. ಗಾಳಿಯ ಟ್ಯಾಂಕಿನಲ್ಲಿ ಸುಮಾರು 10 ಬಾರ್ ಒತ್ತಡವಿರುತ್ತದೆ. ಇದು ಜೀವದ ಪ್ರಶ್ನೆ. 6 ಮಿ.ಮೀ. ನೈಲಾನ್ ಪೈಪನ್ನು ಸ್ವಲ್ಪ ಒಳಕ್ಕೆ ತಳ್ಳಿ, ಕಾಲೆಟ್ (ಪೈಪನ್ನು ಕಚ್ಚಿ ಹಿಡಿಯುವ ಬಳೆ) ಒತ್ತಿಹಿಡಿದು ಎಳೆಯಿರಿ. ಗೀರು ಬಿದ್ದ ತುದಿಯನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಓರೆಯಾದರೆ ಓ-ರಿಂಗ್ ಹರಿಯುತ್ತದೆ. ಪೈಪ್ ಗಿಡ್ಡವಾದರೆ 6 ಮಿ.ಮೀ. ಪುಶ್-ಫಿಟ್ ಜಾಯಿಂಟ್ ಸಾಕು, ಎಕ್ಸಾಸ್ಟಿನಿಂದ ದೂರವಿರಲಿ.

ಇಷ್ಟಾದ ಮೇಲೂ ಒತ್ತಡ ಏರದಿದ್ದರೆ ಕಂಪ್ರೆಸರಿನ ಪಿಸ್ಟನ್ ಸೀಲ್ ಸವೆದಿದೆ. ತಲೆ ಬಿಚ್ಚಿ, ಸಿಲಿಂಡರಿನ ಗೋಡೆ ನಯವಾಗಿದ್ದರೆ ಟೆಫ್ಲಾನ್ ಸೀಲ್ ಮಾತ್ರ ಹಾಕಿ. ಎಣ್ಣೆ, ಗ್ರೀಸ್ ಬೇಡ, ಅದು ಒಣಗಿಯೇ ಓಡುವ ಪಂಪ್. ಗಾಳಿಯ ತೇವ ಹೀರುವ ಡ್ರೈಯರ್ ಒಳಗಿನ ಕಾಳುಗಳನ್ನೂ ಜೊತೆಗೇ ಬದಲಿಸಿ, ಇಲ್ಲದಿದ್ದರೆ ತೇವ ವಾಲ್ವ್ ಬ್ಲಾಕಿಗೆ ಹೋಗುತ್ತದೆ.