ಹಳೆಯ ಯೂನಿಕ್ಸ್ ಆಪರೇಟಿಂಗ್ ಸಿಸ್ಟಂ ಅನ್ನು ಈಗಿನ ಲ್ಯಾಪ್‌ಟಾಪ್‌ನಲ್ಲಿ ಓಡಿಸಬಹುದೇ?

ಧಾರಾಳವಾಗಿ. ಅದಕ್ಕಾಗಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹಳೇ ಯಂತ್ರ ಹುಡುಕುತ್ತಾ ಅಲೆಯಬೇಕಿಲ್ಲ. ಸಿಮ್‌ಎಚ್ ಎಂಬ ಉಚಿತ ಎಮ್ಯುಲೇಟರ್ ಆ ಕಾಲದ ಯೂನಿಕ್ಸ್ ಓಡುತ್ತಿದ್ದ ಪಿಡಿಪಿ-11 ಕಂಪ್ಯೂಟರನ್ನೇ ನಕಲು ಮಾಡುತ್ತದೆ. 1979ರ ಯೂನಿಕ್ಸ್ 7ನೇ ಆವೃತ್ತಿಯಿಂದ ಶುರು ಮಾಡಿ. 2002ರಲ್ಲಿ ಕ್ಯಾಲ್ಡೆರಾ ಕಂಪನಿ ಇದಕ್ಕೆ ಯಾರು ಬೇಕಾದರೂ ಬಳಸಬಹುದಾದ ಬಿಎಸ್‌ಡಿ ಮಾದರಿಯ ಲೈಸೆನ್ಸ್ ಕೊಟ್ಟಿತು, ಹಾಗಾಗಿ ಕಾನೂನಿನ ತೊಡಕಿಲ್ಲ.

ಬೂಟ್ ಆದ ಮೇಲೆ ಕಂಟ್ರೋಲ್-ಡಿ ಒತ್ತಿದರೆ ಲಾಗಿನ್ ಬರುತ್ತದೆ. ಆಮೇಲೆ ಸತಾಯಿಸುವುದು ಕೀಬೋರ್ಡ್. ಅಕ್ಷರ ಅಳಿಸಲು ಬ್ಯಾಕ್‌ಸ್ಪೇಸ್ ಅಲ್ಲ, # ಒತ್ತಬೇಕು. ಇಡೀ ಸಾಲು ಅಳಿಸಲು @. ಅದು ಕಾಗದದ ಮೇಲೆ ಅಚ್ಚು ಹಾಕುವ ಟೆಲಿಟೈಪ್ ಕಾಲ. ಅಚ್ಚಾದದ್ದನ್ನು ಅಳಿಸುವುದು ಹೇಗೆ, ಅಲ್ವಾ? ಬೇಕಿದ್ದರೆ ಎಸ್‌ಟಿಟಿವೈ ಕಮಾಂಡ್‌ನಿಂದ ಬದಲಿಸಿಕೊಳ್ಳಿ. ನನ್ನ ಕೇಳಿದರೆ, ಒಂದೆರಡು ದಿನ ಹಾಗೇ ಒದ್ದಾಡುವುದೇ ಮಜಾ.

ನಿಲ್ಲಿಸುವಾಗ ಮೊದಲು ಸಿಂಕ್ ಕಮಾಂಡ್ ಕೊಡಿ (ಮೆಮೊರಿಯಲ್ಲಿ ಉಳಿದದ್ದನ್ನು ಅದು ಡಿಸ್ಕ್‌ಗೆ ಬರೆಯುತ್ತದೆ), ನಂತರ ಎಮ್ಯುಲೇಟರ್ ನಿಲ್ಲಿಸಲು ಕಂಟ್ರೋಲ್-ಇ. ಸುಮ್ನೆ ವಿಂಡೋ ಮುಚ್ಚಿದರೆ ಫೈಲ್‌ಸಿಸ್ಟಂ ಕೆಡಬಹುದು.